ಉದ್ರಿ, ಹರಾಜು ಮತ್ತು ನಾಲ್ಕು ಸಾಲಿನ ಜಾಹೀರಾತು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಸಾಂಗಮನ್ ನದಿಯ ದಂಡೆಯ ಮೇಲೆ, ನ್ಯೂ ಸೇಲಂ ಎಂಬ ಪುಟ್ಟ ಹಳ್ಳಿಯಿತ್ತು. 1833ರ ಸುಮಾರಿಗೆ ಅಲ್ಲಿ ಇಬ್ಬರು ತರುಣರು ಪಾಲುದಾರಿಕೆಯಲ್ಲಿ ಒಂದು ಅಂಗಡಿ ನಡೆಸುತ್ತಿದ್ದರು. ಅಂಗಡಿಯ ಸರಕನ್ನೆಲ್ಲ ಸಾಲಪತ್ರ ಬರೆದುಕೊಟ್ಟು ಕೊಂಡಿದ್ದರು. ವ್ಯಾಪಾರ ಕೈಹಿಡಿಯಲಿಲ್ಲ, ಅಂಗಡಿ ಮುಚ್ಚಿತು. 1835ರಲ್ಲಿ ಪಾಲುದಾರ ವಿಲಿಯಂ ಬೆರಿ ತೀರಿಕೊಂಡಾಗ ಅವರ ಪಾಲಿನ ಸಾಲವೂ ಇನ್ನೊಬ್ಬರ ತಲೆಗೇ ಬಂತು. ಒಟ್ಟು ಸುಮಾರು 1,100 ಡಾಲರ್. ಆ ಕಾಲಕ್ಕೆ ಅದು ಹಳ್ಳಿಯ ಹುಡುಗನೊಬ್ಬ ಕನಸಿನಲ್ಲೂ ಎಣಿಸದ ಮೊತ್ತ. ಹೀಗೆ ಸಾಲ ಹೊತ್ತ ತರುಣನೇ ಅಬ್ರಹಾಂ ಲಿಂಕನ್. ಅದನ್ನು ಅವರು ತಮ್ಮ ‘ರಾಷ್ಟ್ರೀಯ ಸಾಲ’ ಎಂದು ಕರೆಯುತ್ತಿದ್ದರು.

ಸಾಲ ಕೊಟ್ಟವರಲ್ಲೊಬ್ಬರು ಕೋರ್ಟಿಗೆ ಹೋಗಿ ಡಿಕ್ರಿ ತಂದರು. ಲಿಂಕನ್ ಅವರ ಕುದುರೆ, ಜೀನು, ಭೂಮಿ ಅಳೆಯುವ ಸಲಕರಣೆಗಳು ಜಪ್ತಿಯಾಗಿ ಹರಾಜಿಗೆ ಬಂದವು. ಆಗ ಅವರ ಹೊಟ್ಟೆಪಾಡು ನಡೆಯುತ್ತಿದ್ದುದೇ ಸರ್ವೆ ಕೆಲಸದಿಂದ. ಹರಾಜಿಗೆ ಬಂದಿದ್ದ ಜೇಮ್ಸ್ ಶಾರ್ಟ್ ಎಂಬ ನೆರೆಯ ರೈತ 120 ಡಾಲರಿಗೆ ಅಷ್ಟನ್ನೂ ಕೂಗಿ ಕೊಂಡರು. ಕೊಂಡವರೇ ಎಲ್ಲವನ್ನೂ ಲಿಂಕನ್‌ಗೆ ವಾಪಸು ಕೊಟ್ಟರು. ಸಾಲ ಪೂರ್ತಿ ತೀರಲು ವರ್ಷಗಳೇ ಹಿಡಿದವು. ಮುಂದೆ ಅಧ್ಯಕ್ಷರಾದಾಗ ಲಿಂಕನ್ ಈ ಶಾರ್ಟ್ ಅವರಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಸರ್ಕಾರಿ ಹುದ್ದೆ ಕೊಟ್ಟರು.

ಅಂಗಡಿಯ ಉದ್ರಿ, ರೈತನ ಅಂಗಳದ ಹರಾಜು, ಊರ ಪತ್ರಿಕೆಯ ಸಣ್ಣ ಜಾಹೀರಾತು, ಇವು ಮೂರೂ ಬೇರೆ ಬೇರೆ ಎಂದು ಇವತ್ತು ನಮಗೆ ಅನಿಸುತ್ತದೆ. ಅಂದಿನ ಅಮೆರಿಕದ ಸಣ್ಣ ಊರಿನಲ್ಲಿ ಅವು ಒಂದನ್ನು ಬಿಟ್ಟು ಇನ್ನೊಂದಿರಲಿಲ್ಲ. ನಗದು ಅಪರೂಪವಾಗಿದ್ದ ಆ ನಾಡಿನಲ್ಲಿ ವ್ಯವಹಾರವೆಲ್ಲ ಗುರುತಿನ ಮೇಲೆ ನಡೆಯುತ್ತಿತ್ತು. ಇವನು ಯಾರ ಮಗ, ಎಲ್ಲಿಯವನು, ಆಡಿದ ಮಾತಿಗೆ ನಿಲ್ಲುತ್ತಾನೆಯೇ ಎಂಬುದೇ ಬಂಡವಾಳ. ಗುರುತಿದ್ದವರನ್ನು ಆ ವ್ಯವಸ್ಥೆ ಕೈಬಿಡಲಿಲ್ಲ. ಗುರುತಿಲ್ಲದವರನ್ನು ಹಿಂಡಿತು, ಕೆಲವರನ್ನಂತೂ ಮನುಷ್ಯರೆಂದೇ ಎಣಿಸದೆ ಸರಕಿನ ಪಟ್ಟಿಗೆ ಸೇರಿಸಿತು. ಹಳೆಯ ಸಣ್ಣ ಊರಿನ ಬಗ್ಗೆ ಅಕ್ಕರೆಯಿಂದ ಬರೆಯುವ ಎಷ್ಟೋ ಜನ ಈ ಎರಡನೆಯ ಮಾತನ್ನು ಹೇಳುವುದೇ ಇಲ್ಲ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಈ ಕಥೆ ಸುಳ್ಳಾಗುತ್ತದೆ.

ಅಂಗಡಿಯಿಂದಲೇ ಶುರುಮಾಡೋಣ. ‘ಜನರಲ್ ಸ್ಟೋರ್’ ಎಂದರೆ ಬಹುಮಟ್ಟಿಗೆ ಒಂದೇ ಉದ್ದನೆಯ ಕೋಣೆ. ಉಪ್ಪು, ಕಾಕಂಬಿ, ಕಾಫಿಬೀಜ, ಮೊಳೆ, ನೇಗಿಲ ಗುಳ, ಹೂವಿನ ಅಚ್ಚಿನ ಬಟ್ಟೆ, ಬೂಟು, ದೀಪದ ಬುಡ್ಡಿ ಎಲ್ಲವೂ ಅಲ್ಲೇ. ಒಂದು ಮೂಲೆಯಲ್ಲಿ ಕಾಗದ ಹಾಕಿಡುವ ಗೂಡುಗಳು. ಏಕೆಂದರೆ ಎಷ್ಟೋ ಊರುಗಳಲ್ಲಿ ಅಂಗಡಿಯವನೇ ಪೋಸ್ಟ್‌ಮಾಸ್ಟರ್. ರೈತರ ಮನೆಯ ಹೆಂಗಸರು ಮೊಟ್ಟೆ, ಬೆಣ್ಣೆ ತಂದು ಕೊಟ್ಟು ಬಟ್ಟೆ, ಸಕ್ಕರೆ ಒಯ್ಯುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಪ್ರತಿ ಮನೆಗೂ ಒಂದು ಹಾಳೆ. ಒಂದು ಕಡೆ ಒಯ್ದದ್ದು, ಇನ್ನೊಂದು ಕಡೆ ತಂದುಕೊಟ್ಟದ್ದು. ಸುಗ್ಗಿ ಮುಗಿದು ದವಸ ಮಾರಿದ ಮೇಲೆ ಬಾಕಿ ಚುಕ್ತಾ.

ಬೆಣ್ಣೆಯ ವಿಷಯದಲ್ಲಿ ಅಂಗಡಿಯವನ ಪಾಡು ಕೇಳಿದರೆ ಈ ವ್ಯವಸ್ಥೆಯ ಒಳಮರ್ಮ ತಿಳಿಯುತ್ತದೆ. ಒಬ್ಬರ ಮನೆಯ ಬೆಣ್ಣೆ ಘಮಘಮ, ಇನ್ನೊಬ್ಬರದು ಕಮಟು. ಆದರೆ ಕಮಟು ಬೆಣ್ಣೆಗೆ ಕಡಿಮೆ ಬೆಲೆ ಹೇಳಿದರೆ ಆ ಮನೆಯ ಗಿರಾಕಿ ಕೈತಪ್ಪುತ್ತದೆ, ಭಾನುವಾರ ಚರ್ಚಿನಲ್ಲಿ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಹಾಗಾಗಿ ಬಹಳಷ್ಟು ಅಂಗಡಿಯವರು ಎಲ್ಲ ಬೆಣ್ಣೆಗೂ ಒಂದೇ ಬೆಲೆ ಕೊಟ್ಟು, ನಷ್ಟವನ್ನು ಮಾರುವ ಸಾಮಾನಿನ ಬೆಲೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಒಳ್ಳೆಯ ಬೆಣ್ಣೆ ಕಡೆಯುವವಳಿಗೆ ಇದರಿಂದ ಆದ ಅನ್ಯಾಯ ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ.

ಅಂಗಡಿಯವನೂ ಸಾಲದಲ್ಲೇ ಇದ್ದವನು. ನ್ಯೂಯಾರ್ಕ್, ಫಿಲಡೆಲ್ಫಿಯಾ, ಸೇಂಟ್ ಲೂಯಿಸ್‌ನ ಸಗಟು ವ್ಯಾಪಾರಿಗಳು ಅವನಿಗೆ ತಿಂಗಳುಗಟ್ಟಲೆ ಉದ್ರಿ ಕೊಡುತ್ತಿದ್ದರು. ನೂರಾರು ಮೈಲಿ ದೂರದ ಇವನನ್ನು ಅವರು ನಂಬುವುದು ಹೇಗೆ? 1841ರಲ್ಲಿ ಲೂಯಿಸ್ ಟ್ಯಾಪನ್ ನ್ಯೂಯಾರ್ಕಿನಲ್ಲಿ ‘ಮರ್ಕಂಟೈಲ್ ಏಜೆನ್ಸಿ’ ತೆರೆದದ್ದು ಈ ಪ್ರಶ್ನೆಗೆ ಉತ್ತರವಾಗಿ. ಊರೂರಿನ ವಕೀಲರಿಂದ ಗುಟ್ಟಾಗಿ ವರದಿ ತರಿಸುವುದು ಅದರ ಕೆಲಸ. ಅಂಗಡಿಯವನಿಗೆ ಕುಡಿತ ಇದೆಯೇ, ಆಸ್ತಿ ಎಷ್ಟು, ಸಂಸಾರ ಹೇಗೆ ಎಂಬುದೆಲ್ಲ ದಪ್ಪ ದಪ್ಪ ದಫ್ತರಗಳಲ್ಲಿ ಕೈಬರಹದಲ್ಲಿ ತುಂಬಿತು. ಆ ದಫ್ತರಗಳು ಇವತ್ತಿಗೂ ಹಾರ್ವರ್ಡ್‌ನ ಬೇಕರ್ ಗ್ರಂಥಾಲಯದಲ್ಲಿವೆ. ಊರಿನ ಬಾಯಿಮಾತಿನ ಗುರುತು ಕಾಗದಕ್ಕಿಳಿದು ಮಾರಾಟದ ವಸ್ತುವಾದದ್ದು ಹೀಗೆ.

ಇನ್ನು ಪತ್ರಿಕೆ. ಅಮೆರಿಕದಲ್ಲಿ ನಿಯಮಿತವಾಗಿ ನಡೆದ ಮೊದಲ ಪತ್ರಿಕೆ ‘ಬಾಸ್ಟನ್ ನ್ಯೂಸ್-ಲೆಟರ್’ 1704ರ ಏಪ್ರಿಲಿನಲ್ಲಿ ಹೊರಟಿತು. ಅದನ್ನು ತಂದ ಜಾನ್ ಕ್ಯಾಂಬೆಲ್ ಬಾಸ್ಟನ್ನಿನ ಪೋಸ್ಟ್‌ಮಾಸ್ಟರ್. ಮನೆ, ಜಮೀನು, ಸರಕು ಮಾರುವವರು ಜಾಹೀರಾತು ಕೊಡಬಹುದು ಎಂಬ ಸೂಚನೆ ಮೊದಲ ಸಂಚಿಕೆಯಲ್ಲೇ ಇತ್ತು. ಮುಂದಿನ ಇನ್ನೂರು ವರ್ಷಗಳಲ್ಲಿ ಜನವಸತಿ ಪಶ್ಚಿಮಕ್ಕೆ ಹಬ್ಬಿದಂತೆ ಅಚ್ಚುಕೂಟವೂ ಗಾಡಿ ಹತ್ತಿ ಹೋಯಿತು. ಸಣ್ಣ ಊರಿನ ವಾರಪತ್ರಿಕೆಯಲ್ಲಿ ಸಂಪಾದಕ, ವರದಿಗಾರ, ಮೊಳೆ ಜೋಡಿಸುವವನು, ಚಂದಾ ವಸೂಲಿಗೆ ಹೋಗುವವನು ಎಲ್ಲ ಒಬ್ಬನೇ ಆಗಿದ್ದದ್ದುಂಟು. ಚಂದಾ ಹಣದ ಬದಲು ಸೌದೆ, ಜೋಳ, ಮಾಂಸ ತಂದುಹಾಕುವುದು ಮಾಮೂಲು. 1851ರ ಅಂಚೆ ಕಾಯ್ದೆ ವಾರಪತ್ರಿಕೆಗಳನ್ನು ಆಯಾ ಕೌಂಟಿಯೊಳಗೆ ಪುಕ್ಕಟೆಯಾಗಿ ಹಂಚಿಸಿತು. ಅಂತರ್ಯುದ್ಧ ಶುರುವಾದ 1861ರಲ್ಲಿ ಅಚ್ಚುಕೂಟದ ಆಳುಗಳು ಸೈನ್ಯಕ್ಕೆ ಹೋಗಿಬಿಟ್ಟಾಗ ವಿಸ್ಕಾನ್ಸಿನ್‌ನ ಬಾರಾಬೂ ಊರಿನ ಸಂಪಾದಕ ಎ. ಎನ್. ಕೆಲಾಗ್ ಒಂದು ಉಪಾಯ ಮಾಡಿದರು. ಒಂದು ಮಗ್ಗುಲು ರಾಜ್ಯದ ರಾಜಧಾನಿಯ ಅಚ್ಚುಕೂಟದಲ್ಲಿ ಮುದ್ರಿಸಿದ ಹಾಳೆ ತರಿಸಿ, ಇನ್ನೊಂದು ಮಗ್ಗುಲಿಗೆ ಊರ ಸುದ್ದಿ, ಊರ ಜಾಹೀರಾತು ಅಚ್ಚು ಹಾಕಿದರು. ಆಮೇಲೆ ಅದೇ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ದೇಶದ ಸುದ್ದಿ ಎಲ್ಲ ಊರಿಗೂ ಒಂದೇ ಆಗಿ, ಪತ್ರಿಕೆಯಲ್ಲಿ ಆ ಊರಿನದೇ ಎಂದು ಉಳಿದದ್ದು ಸ್ಥಳೀಯ ಸುದ್ದಿಯ ತುಣುಕು ಮತ್ತು ಜಾಹೀರಾತು.

ಕಾನೂನಿನ ಪ್ರಕಟಣೆಗಳೂ ಪತ್ರಿಕೆಯ ಹೊಟ್ಟೆ ತುಂಬಿಸಿದವು. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ 160 ಎಕರೆ ಭೂಮಿ ಹಿಡಿದವರು ಐದು ವರ್ಷ ಅಲ್ಲಿ ಬಾಳಿ, ಉತ್ತು, ಕೊನೆಗೆ ಹಕ್ಕು ಸ್ಥಾಪಿಸಬೇಕಿತ್ತು. ಹಾಗೆ ಸ್ಥಾಪಿಸುವ ಮುನ್ನ ಸಾಕ್ಷಿಗಳ ಹೆಸರಿನೊಂದಿಗೆ ಹತ್ತಿರದ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕೆಂಬ ನಿಯಮ ಬಂತು. ಡಕೋಟಾದ ಬಯಲಿನಲ್ಲಿ ಈ ಪ್ರಕಟಣೆಗಳ ಆದಾಯಕ್ಕೆಂದೇ ಹುಟ್ಟಿ, ಅವು ಮುಗಿಯುತ್ತಲೇ ಬಾಗಿಲು ಹಾಕಿದ ಪತ್ರಿಕೆಗಳಿದ್ದವು.

ಆದರೆ ನನ್ನ ಮನಸ್ಸು ನಿಲ್ಲುವುದು ಸಣ್ಣ ಜಾಹೀರಾತುಗಳಲ್ಲಿ. ಮೂರೋ ನಾಲ್ಕೋ ಸಾಲು, ಪಕ್ಕದಲ್ಲಿ ಬೆರಳುದ್ದದ ಮರದಚ್ಚಿನ ಚಿತ್ರ: ಒಂದು ಕುದುರೆ, ಒಂದು ಮನೆ, ಒಂದು ಹಡಗು. ತಪ್ಪಿಸಿಕೊಂಡು ಬಂದ ದನವನ್ನು ಕಟ್ಟಿಕೊಂಡವನು ಸುಮ್ಮನಿರುವಂತಿರಲಿಲ್ಲ. ನ್ಯಾಯಾಧಿಕಾರಿಯ ಮುಂದೆ ನೆರೆಯವರಿಂದ ಬೆಲೆ ಕಟ್ಟಿಸಿ, ಬಣ್ಣ, ಬರೆಯ ಗುರುತು, ಕಿವಿಯ ಸೀಳು ಎಲ್ಲವನ್ನೂ ವಿವರಿಸಿ ಸಾರಬೇಕಿತ್ತು. 1787ರಲ್ಲಿ ಆರಂಭವಾದ ‘ಕೆಂಟಕಿ ಗೆಜೆಟ್’ನಂಥ ಪತ್ರಿಕೆಗಳಲ್ಲಿ ಇವು ಹೇರಳ. ಬೇಲಿ ಇಲ್ಲದ ನಾಡಿನಲ್ಲಿ ದನ ಕಳೆದವನಿಗೂ ಸಿಕ್ಕವನಿಗೂ ನಡುವೆ ಇದ್ದ ನ್ಯಾಯ ಇದೊಂದೇ.

ಗಂಡಂದಿರು ಕೊಡುತ್ತಿದ್ದ ಇನ್ನೊಂದು ಬಗೆಯ ಪ್ರಕಟಣೆ ಇತ್ತು. ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ, ಅವಳಿಗೆ ಯಾರೂ ಉದ್ರಿ ಕೊಡಬೇಡಿ, ಕೊಟ್ಟರೆ ನಾನು ತೀರಿಸುವುದಿಲ್ಲ ಎಂಬ ಒಕ್ಕಣೆ. ಮದುವೆಯಾದ ಹೆಣ್ಣಿಗೆ ತನ್ನ ಹೆಸರಿನಲ್ಲಿ ಆಸ್ತಿಯ ಹಕ್ಕೇ ಇಲ್ಲದಿದ್ದ ಕಾಲ ಅದು. ಆಸ್ತಿಯ ಹಕ್ಕು ಕೊಡುವ ಕಾಯ್ದೆ ಮಿಸಿಸಿಪಿಯಲ್ಲಿ 1839ರಲ್ಲಿ, ನ್ಯೂಯಾರ್ಕಿನಲ್ಲಿ 1848ರಲ್ಲಿ ಬಂತು. ಹಾಗಿದ್ದಾಗ ಅಂಗಡಿಯ ಪುಸ್ತಕದಲ್ಲಿ ಅವಳ ಗುರುತನ್ನು ಅಳಿಸಿಹಾಕಲು ಈ ನಾಲ್ಕು ಸಾಲು ಸಾಕಾಗುತ್ತಿತ್ತು. ಕೆಲವು ಹೆಂಗಸರು ಅದೇ ಪತ್ರಿಕೆಯಲ್ಲಿ ಉತ್ತರ ಹಾಕಿಸಿದರು: ಬಿಟ್ಟು ಬರಲು ಆ ಮನೆಯಲ್ಲಿ ಇದ್ದದ್ದಾದರೂ ಏನು, ಹೊಡೆತ ಬಿಟ್ಟರೆ, ಎಂಬ ಅರ್ಥದ ಮಾತು. ಆ ಕಾಲದ ಬಡ ಹೆಂಗಸಿನ ದನಿ ಅಚ್ಚಿನಲ್ಲಿ ಉಳಿದಿರುವ ಕೆಲವೇ ಜಾಗಗಳಲ್ಲಿ ಇದೂ ಒಂದು.

ಅದೇ ಅಂಕಣಗಳಲ್ಲಿ, ಕುದುರೆಯ ಚಿತ್ರದ ಮಗ್ಗುಲಲ್ಲೇ, ಕೋಲಿಗೆ ಗಂಟು ಕಟ್ಟಿಕೊಂಡು ಓಡುವ ಮನುಷ್ಯನ ಚಿತ್ರವೂ ಇರುತ್ತಿತ್ತು. ಓಡಿಹೋದ ಗುಲಾಮನನ್ನು ಹಿಡಿದುಕೊಟ್ಟವರಿಗೆ ಬಹುಮಾನ. 1769ರ ಸೆಪ್ಟೆಂಬರಿನಲ್ಲಿ ‘ವರ್ಜೀನಿಯಾ ಗೆಜೆಟ್’ನಲ್ಲಿ ಇಂಥದೊಂದು ಪ್ರಕಟಣೆ ಕೊಟ್ಟವರು ಥಾಮಸ್ ಜೆಫರ್ಸನ್. ಓಡಿಹೋದವನ ಹೆಸರು ಸ್ಯಾಂಡಿ, ಕಸುಬು ಚಮ್ಮಾರಿಕೆ. ಕೌಂಟಿಯೊಳಗೆ ಹಿಡಿದರೆ 40 ಷಿಲಿಂಗ್, ವರ್ಜೀನಿಯಾದಲ್ಲಿ ಬೇರೆಲ್ಲಾದರೂ ಹಿಡಿದರೆ 4 ಪೌಂಡ್, ಬೇರೆ ವಸಾಹತಿನಲ್ಲಾದರೆ 10 ಪೌಂಡ್. ಸ್ಯಾಂಡಿ ಸಿಕ್ಕಿಬಿದ್ದ, 1773ರಲ್ಲಿ 100 ಪೌಂಡಿಗೆ ಮಾರಾಟವಾದ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆಂದು ಜೆಫರ್ಸನ್ ಬರೆದದ್ದು ಅದಾದ ಮೂರು ವರ್ಷಕ್ಕೆ. ಬೆಂಜಮಿನ್ ಫ್ರಾಂಕ್ಲಿನ್ ಅವರ ‘ಪೆನ್ಸಿಲ್ವೇನಿಯಾ ಗೆಜೆಟ್’ ಕೂಡ ಇಂಥ ಜಾಹೀರಾತುಗಳಿಂದ ಹಣ ಪಡೆದಿತ್ತು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಕೋರ್ಟಿನ ದಿನ ಚೀಪ್‌ಸೈಡ್ ಎಂಬ ಚೌಕದಲ್ಲಿ ಸಂತೆ ನೆರೆಯುತ್ತಿತ್ತು. ಕುದುರೆ, ದನ, ತರಕಾರಿ ಮಾರಿದ ಅದೇ ಜಾಗದಲ್ಲಿ ಮನುಷ್ಯರನ್ನೂ ಹರಾಜು ಹಾಕಿದರು. ಸಣ್ಣ ಊರಿನ ಸಂತೆಯ ಸೊಗಸನ್ನು ಬಣ್ಣಿಸುವವರು ಈ ಚೌಕದ ಮುಂದೆ ನಿಂತು ಬಣ್ಣಿಸಬೇಕು.

ಗುಲಾಮಗಿರಿಯಿಂದ ಬಿಡುಗಡೆಯಾದವರು ಅದೇ ಸಣ್ಣ ಜಾಹೀರಾತನ್ನು ತಮ್ಮ ಕೈಗೆ ತೆಗೆದುಕೊಂಡರು. ಹರಾಜಿನಲ್ಲಿ ಬೇರೆಯಾದ ತಾಯಿ, ಗಂಡ, ಮಗು, ಒಡಹುಟ್ಟಿದವರನ್ನು ಹುಡುಕಲು ಅವರಿಗೆ ಹೆಚ್ಚು ದಾರಿಗಳಿರಲಿಲ್ಲ. ನ್ಯೂ ಆರ್ಲಿಯನ್ಸ್‌ನ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಎಂಬ ಮೆಥಡಿಸ್ಟ್ ಪತ್ರಿಕೆ ‘ಲಾಸ್ಟ್ ಫ್ರೆಂಡ್ಸ್’ ಎಂಬ ಅಂಕಣ ನಡೆಸಿತು. ಚಂದಾದಾರರಿಗೆ ಪುಕ್ಕಟೆ, ಉಳಿದವರಿಗೆ 50 ಸೆಂಟ್. ಪಾದ್ರಿಗಳು ಅವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಗಟ್ಟಿಯಾಗಿ ಓದಬೇಕೆಂದು ಪತ್ರಿಕೆ ಕೇಳಿಕೊಳ್ಳುತ್ತಿತ್ತು, ಏಕೆಂದರೆ ಓದಲು ಬಾರದವರೇ ಹೆಚ್ಚು. ಅಮ್ಮನ ಹೆಸರು ಇಂಥದು, ಮೊದಲ ಯಜಮಾನ ಇಂಥವನು, ಅವನು ನಮ್ಮನ್ನು ಇಂಥ ವ್ಯಾಪಾರಿಗೆ ಮಾರಿದ, ಆಗ ನಾನು ಚಿಕ್ಕವಳು, ಅಣ್ಣನನ್ನು ಟೆಕ್ಸಾಸಿಗೆ ಒಯ್ದರು. ಇಂಥ ವಿವರಗಳೇ ಆ ಸಾಲುಗಳಲ್ಲಿ ತುಂಬಿರುತ್ತವೆ. ದನದ ಕಿವಿಯ ಸೀಳಿನಷ್ಟೇ ಎಚ್ಚರದಿಂದ, ಆದರೆ ಮರೆತರೆ ಎಲ್ಲವೂ ಕಳೆದುಹೋದೀತೆಂಬ ದಿಗಿಲಿನಿಂದ, ಬರೆಸಿದ ಗುರುತುಗಳು ಅವು.

ರೈತರ ಹರಾಜಿಗೆ ಬರೋಣ. ಅಯೋವಾ, ಇಲಿನಾಯ್ ಸುತ್ತಮುತ್ತ ಗೇಣಿಯ ವರ್ಷ ಮಾರ್ಚ್ 1ಕ್ಕೆ ಆರಂಭ. ಬೇರೆ ಹೊಲಕ್ಕೆ ಹೋಗುವವರು, ಒಕ್ಕಲುತನ ಬಿಟ್ಟು ಪಟ್ಟಣ ಸೇರುವವರು, ಇನ್ನೂ ಪಶ್ಚಿಮಕ್ಕೆ ಹೊರಟವರು, ಗಂಡ ಸತ್ತ ವಿಧವೆಯರು ಎಲ್ಲರೂ ಜನವರಿ, ಫೆಬ್ರವರಿಯಲ್ಲಿ ಹರಾಜು ಇಡುತ್ತಿದ್ದರು. ಆ ಚಳಿಗಾಲದಲ್ಲಿ ಹೊಲದ ಕೆಲಸವೂ ಇಲ್ಲ, ಜನ ಸೇರುತ್ತಾರೆ. ಪತ್ರಿಕೆಯ ಅಚ್ಚುಕೂಟದಲ್ಲೇ ದೊಡ್ಡ ಅಕ್ಷರದ ಹರಾಜು ಪಟ್ಟಿ ಅಚ್ಚಾಗಿ ಅಂಗಡಿಯ ಬಾಗಿಲು, ಕಮ್ಮಾರಸಾಲೆಯ ಗೋಡೆ, ಗಿರಣಿಯ ಕಂಬದ ಮೇಲೆ ಅಂಟುತ್ತಿತ್ತು. ಮೊದಲು ಕುದುರೆಗಳು, ಬಣ್ಣ, ವಯಸ್ಸು, ತೂಕದ ಸಮೇತ. ಆಮೇಲೆ ಹಾಲು ಕೊಡುವ ಹಸುಗಳು, ಕರುಗಳು, ಹಂದಿಗಳು. ನಂತರ ನೇಗಿಲು, ಕುಂಟೆ, ಗಾಡಿ, ಕುದುರೆಯ ಸಜ್ಜು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಲೆ, ಮಂಚ, ತೊಟ್ಟಿಲು, ಬೆಣ್ಣೆ ಕಡೆಯುವ ಪಾತ್ರೆ. ಸಣ್ಣ ಮೊತ್ತಕ್ಕೆ ನಗದು, ದೊಡ್ಡದಕ್ಕೆ ಜಾಮೀನಿನ ಮೇಲೆ ಕೆಲವು ತಿಂಗಳ ವಾಯಿದೆ, ಲೆಕ್ಕ ಮುಗಿಯದೆ ಸಾಮಾನು ಕದಲಿಸುವಂತಿಲ್ಲ ಎಂಬ ಕರಾರು. ಒಂದು ಸಂಸಾರ ವರ್ಷಾನುಗಟ್ಟಲೆ ದುಡಿದು ಕೂಡಿಸಿದ್ದೆಲ್ಲ ಒಂದು ಹಾಳೆಯ ಮೇಲೆ.

ಹರಾಜಿನ ದಿನ ಬೆಳಿಗ್ಗೆ ಸಣ್ಣಪುಟ್ಟ ಸಾಮಾನುಗಳಿಂದ ಸವಾಲು ಶುರು. ಮಧ್ಯಾಹ್ನ ಚರ್ಚಿನ ಮಹಿಳಾ ಸಂಘದವರ ಕಾಫಿ, ಕಡುಬು, ರೊಟ್ಟಿಯ ಊಟ, ಆ ಹಣ ಚರ್ಚಿಗೆ. ಊಟದ ನಂತರ ಯಂತ್ರ, ದನ, ಕುದುರೆ. ಕೂಗುವವನನ್ನು ‘ಕರ್ನಲ್’ ಎಂದು ಕರೆಯುವುದು ವಾಡಿಕೆ. ಅಂತರ್ಯುದ್ಧದಲ್ಲಿ ವಶಪಡಿಸಿಕೊಂಡ ಸರಕನ್ನು ಸೈನ್ಯದ ಕರ್ನಲ್‌ಗಳು ಹರಾಜು ಹಾಕುತ್ತಿದ್ದುದರಿಂದ ಈ ಹೆಸರು ಬಂತೆಂದು ಆ ಕಸುಬಿನವರೇ ಹೇಳುತ್ತಾರೆ. ಉಸಿರು ಬಿಡದೆ ತಾಳದಲ್ಲಿ ಅಂಕಿ ಕೂಗುವ ಈ ವಿದ್ಯೆ ಕಲಿಸಲು ಶಾಲೆಗಳೇ ಹುಟ್ಟಿದವು. ಇಂಡಿಯಾನಾದ ಡಿಕೇಟರ್‌ನಲ್ಲಿ 1921ರಲ್ಲಿ ಶುರುವಾದ ರೆಪ್ಪರ್ಟ್ ಶಾಲೆ ಅವುಗಳಲ್ಲೊಂದು. ಒಳ್ಳೆಯ ಕೂಗುಗಾರನಿಗೆ ನಾಲಿಗೆಯಷ್ಟೇ ನೆನಪೂ ಬೇಕು. ಯಾರ ಮನೆಯಲ್ಲಿ ಹಸು ಸತ್ತಿದೆ, ಯಾರ ಮಗ ಹೊಸದಾಗಿ ಬೇಸಾಯ ಹೂಡಿದ್ದಾನೆ, ಯಾರ ಸಹಿಗೆ ಬ್ಯಾಂಕು ಹಣ ಕೊಡುತ್ತದೆ ಎಂಬುದು ಅವನಿಗೆ ಗೊತ್ತಿರಬೇಕು.

ಈ ಲೋಕವನ್ನು ಅಲುಗಾಡಿಸಿದ್ದು ಅಂಚೆ. 1872ರಲ್ಲಿ ಆರನ್ ಮಾಂಟ್‌ಗೊಮರಿ ವಾರ್ಡ್ ಷಿಕಾಗೊದಿಂದ ಒಂದೇ ಹಾಳೆಯ ಬೆಲೆಪಟ್ಟಿ ಹೊರಡಿಸಿದರು. ‘ಗ್ರೇಂಜ್’ ಎಂಬ ರೈತಸಂಘದ ಸದಸ್ಯರು ಅವರ ಮೊದಲ ಗಿರಾಕಿಗಳು. ಮಿನೆಸೋಟದ ನಾರ್ತ್ ರೆಡ್‌ವುಡ್‌ನಲ್ಲಿ ರೈಲ್ವೆ ಸ್ಟೇಷನ್ ಏಜೆಂಟನಾಗಿದ್ದ ರಿಚರ್ಡ್ ಸಿಯರ್ಸ್ 1886ರಲ್ಲಿ ಜೇಬುಗಡಿಯಾರ ಮಾರಲು ಶುರುಮಾಡಿ, ಮುಂದೆ ಸಿಯರ್ಸ್ ರೋಬಕ್ ಕಂಪನಿ ಕಟ್ಟಿದರು. 1896ರಲ್ಲಿ ಹಳ್ಳಿಮನೆಯ ಬಾಗಿಲಿಗೇ ಅಂಚೆ ಬರತೊಡಗಿತು. ಆದರೆ 4 ಪೌಂಡಿಗಿಂತ ಭಾರದ ಪೊಟ್ಟಣವನ್ನು ಅಂಚೆ ಒಯ್ಯುತ್ತಿರಲಿಲ್ಲ. 1913ರ ಜನವರಿ 1ರಂದು ಪಾರ್ಸೆಲ್ ಸೇವೆ ಶುರುವಾಗಿ ಆ ಮಿತಿ 11 ಪೌಂಡಿಗೇರಿತು. ಊರಿನ ವರ್ತಕರು ಇದನ್ನು ಜೀವ ಹಿಡಿದು ವಿರೋಧಿಸಿದರು. ಕೆಲವು ಊರುಗಳಲ್ಲಿ ಕ್ಯಾಟಲಾಗ್‌ಗಳನ್ನು ಗುಡ್ಡೆಹಾಕಿ ಸುಟ್ಟರು, ಪತ್ರಿಕೆಗಳು ‘ಊರಲ್ಲೇ ಕೊಳ್ಳಿ’ ಎಂದು ಸಾರಿದವು.

ವರ್ತಕರ ಅಳಲು ಸುಳ್ಳಲ್ಲ. ಬರಗಾಲದಲ್ಲಿ ಉದ್ರಿ ಕೊಟ್ಟವರು ಅವರೇ, ಷಿಕಾಗೊ ಕಂಪನಿ ಕೇಳುತ್ತಿದ್ದುದು ಮುಂಗಡ ಹಣ. ಆದರೆ ದಕ್ಷಿಣದ ಕರಿಯ ಗೇಣಿದಾರನ ಕಡೆಯಿಂದ ನೋಡಿದರೆ ಚಿತ್ರವೇ ಬೇರೆ. ಅವನಿಗೆ ಊರ ಅಂಗಡಿಯ ಉದ್ರಿ ಎಂದರೆ ಹತ್ತಿ ಬೆಳೆಯನ್ನು ಮೊದಲೇ ಒತ್ತೆಯಿಟ್ಟು, ಕೇಳಿದ ಬೆಲೆ ಒಪ್ಪಿಕೊಂಡು, ಬಿಳಿಯರೆಲ್ಲ ಕೊಂಡಾಗುವವರೆಗೆ ಕಾದು ನಿಲ್ಲುವುದು. ಕ್ಯಾಟಲಾಗಿನಲ್ಲಿ ಎಲ್ಲರಿಗೂ ಒಂದೇ ಬೆಲೆ, ಮೈಬಣ್ಣ ಕೇಳುವವರಿಲ್ಲ. ಅಂಗಡಿಯ ಪೋಸ್ಟ್‌ಮಾಸ್ಟರ್ ಅಡ್ಡಿ ಮಾಡುವುದು ತಿಳಿದಿದ್ದರಿಂದ, ಕಾಗದವನ್ನೂ ಹಣವನ್ನೂ ಅಂಚೆಯವನ ಕೈಗೇ ಕೊಡಿ ಎಂದು ಸಿಯರ್ಸ್ ತನ್ನ ಕ್ಯಾಟಲಾಗಿನಲ್ಲಿ ತಿಳಿಸಿತು. ಸಿಯರ್ಸ್, ರೋಬಕ್ ಇಬ್ಬರೂ ಕರಿಯರೆಂದು ದಕ್ಷಿಣದ ವರ್ತಕರು ಪುಕಾರು ಹಬ್ಬಿಸಿದರು. ಊರಿನ ಅಂಗಡಿಯೇ ಒಳ್ಳೆಯದು ಎಂಬ ಮಾತನ್ನು ಆ ಗಿರಾಕಿಯ ಮುಂದೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೂ ಗುರುತಿನ ಬಲ ಪೂರ್ತಿ ಸತ್ತಿರಲಿಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ದವಸದ ಬೆಲೆ ನೆಲಕಚ್ಚಿ ಬ್ಯಾಂಕುಗಳು ರೈತರ ಸ್ವತ್ತನ್ನು ಹರಾಜಿಗೆ ತಂದಾಗ ನೆರೆಯವರು ಅಂಗಳ ತುಂಬ ಬಂದು ನಿಂತರು. 1931ರಲ್ಲಿ ನೆಬ್ರಾಸ್ಕಾದ ಮ್ಯಾಡಿಸನ್ ಕೌಂಟಿಯಲ್ಲಿ 800 ಡಾಲರ್ ಸಾಲಕ್ಕಾಗಿ ನಡೆದ ಹರಾಜಿನಲ್ಲಿ ಮೊದಲ ಸವಾಲು 5 ಸೆಂಟ್. ಅದರ ಮೇಲೆ ಯಾರೂ ಕೂಗಲಿಲ್ಲ. ಹೀಗೆ ಒಂದೊಂದೇ ಸಾಮಾನು ಹೋಗಿ ಒಟ್ಟು ವಸೂಲಾದದ್ದು 5 ಡಾಲರ್ 35 ಸೆಂಟ್, ಸಾಮಾನೆಲ್ಲ ಮತ್ತೆ ಮನೆಯವರಿಗೆ. ಇಂಥವಕ್ಕೆ ‘ಪೆನ್ನಿ ಹರಾಜು’ ಎಂದು ಹೆಸರು ಬಿತ್ತು. ಎಲ್ಲ ಕಡೆಯೂ ಅದು ಬರೀ ಸ್ನೇಹದಿಂದ ನಡೆಯಲಿಲ್ಲ. ಹೆಚ್ಚು ಕೂಗಲು ಬಂದ ಹೊರಗಿನವರನ್ನು ಹೆದರಿಸಲು ಕೊಟ್ಟಿಗೆಯ ತೊಲೆಗೆ ನೇಣಿನ ಹಗ್ಗ ತೂಗುಹಾಕಿದ್ದುಂಟು. 1933ರ ಏಪ್ರಿಲಿನಲ್ಲಿ ಅಯೋವಾದ ಲೆ ಮಾರ್ಸ್‌ನಲ್ಲಿ ರೈತರ ಗುಂಪು ನ್ಯಾಯಾಧೀಶ ಚಾರ್ಲ್ಸ್ ಬ್ರಾಡ್ಲಿ ಅವರನ್ನು ಕೋರ್ಟಿನಿಂದ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿತು. ಜಪ್ತಿ ಆದೇಶಗಳಿಗೆ ಸಹಿ ಮಾಡುವುದಿಲ್ಲವೆಂದು ಆಣೆ ಇಡಲು ಅವರು ಒಪ್ಪಲಿಲ್ಲ. ಕೊನೆಗೆ ಜೀವಸಹಿತ ಬಿಟ್ಟರು. ಅದೇ ವರ್ಷ ಹಲವು ರಾಜ್ಯಗಳು ಜಪ್ತಿಗೆ ತಡೆ ತರುವ ಕಾಯ್ದೆ ಮಾಡಿದವು. ಮಿನೆಸೋಟದ ಕಾಯ್ದೆಯನ್ನು 1934ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಎತ್ತಿಹಿಡಿಯಿತು.

ಅಧ್ಯಕ್ಷರ, ಸೇನಾಪತಿಗಳ ಚರಿತ್ರೆಗೆ ಪುಸ್ತಕಗಳ ಕೊರತೆ ಇಲ್ಲ. ತೊಟ್ಟಿಲನ್ನು ಹರಾಜಿಗಿಟ್ಟ ಮನೆಯ, ಅಮ್ಮನನ್ನು ಹುಡುಕಿದ ಮಗಳ ಚರಿತ್ರೆ ಇರುವುದು ಈ ಸಣ್ಣ ಅಕ್ಷರಗಳಲ್ಲೇ. ಆಸಕ್ತರು ಇದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹದಲ್ಲಿ ಆ ಊರಪತ್ರಿಕೆಗಳ ಪುಟಗಳು ಉಚಿತವಾಗಿ ತೆರೆದಿವೆ. ‘ಲಾಸ್ಟ್ ಫ್ರೆಂಡ್ಸ್’ನ 2,500ಕ್ಕೂ ಹೆಚ್ಚು ಪ್ರಕಟಣೆಗಳನ್ನು ‘ಹಿಸ್ಟಾರಿಕ್ ನ್ಯೂ ಆರ್ಲಿಯನ್ಸ್ ಕಲೆಕ್ಷನ್’ ಸಂಸ್ಥೆ ಹೆಸರಿನ ಪ್ರಕಾರ ಹುಡುಕಲು ಬರುವಂತೆ ಜೋಡಿಸಿಟ್ಟಿದೆ. ಒಂದು ಭಾನುವಾರ ಬಿಡುವು ಮಾಡಿಕೊಂಡು, ದೊಡ್ಡ ತಲೆಬರಹಗಳನ್ನು ದಾಟಿ ನೇರವಾಗಿ ಸಣ್ಣ ಜಾಹೀರಾತಿನ ಅಂಕಣಕ್ಕೆ ಹೋಗಿ ಓದಿ.